‘ಹ್ಯಾವ್’ ಎಂಬ ಒಂದೇ ಪದ, ಫಿನ್ನಿಶ್‌ನಲ್ಲಿ ಹಲವು ದಾರಿ

ಪ್ರಶ್ನೆ: ನಾನು ಧಾರವಾಡದವಳು, ಮದುವೆಯಾದ ಮೇಲೆ ಫಿನ್ಲೆಂಡಿನ ಎಸ್ಪೊ ನಗರದಲ್ಲಿ ನೆಲೆಸಿದ್ದೇನೆ. ಇಲ್ಲಿ ಫಿನ್ನಿಶ್ ತರಗತಿಗೆ ಹೋಗುತ್ತಿದ್ದೇನೆ. ಪಾಠವೆಲ್ಲ ಇಂಗ್ಲಿಷಿನ ಮೂಲಕವೇ ನಡೆಯುತ್ತದೆ. ಇಂಗ್ಲಿಷಿನ ‘ಹ್ಯಾವ್’ ಬಂದಲ್ಲೆಲ್ಲ ಫಿನ್ನಿಶ್‌ನಲ್ಲಿ ಬೇರೆ ಬೇರೆ ಪದ ಬರುತ್ತದೆ. ಕೆಲವು ಕಡೆ ಅದಕ್ಕೆ ಪದವೇ ಇರುವುದಿಲ್ಲ. ನಿಘಂಟು ತೆರೆದರೆ ಪುಟ ತುಂಬ ಅರ್ಥಗಳು. ಇದನ್ನು ಹೇಗೆ ಬಿಡಿಸಿಕೊಳ್ಳಬೇಕು?

ಉತ್ತರ: ನಿಮ್ಮ ತೊಡಕಿಗೆ ಕಾರಣ ಫಿನ್ನಿಶ್ ಅಲ್ಲ, ನಡುವೆ ನಿಂತಿರುವ ಇಂಗ್ಲಿಷ್. ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ಸಮನಾದ ಪದ ಫಿನ್ನಿಶ್‌ನಲ್ಲಿ ಇಲ್ಲ. ನಮ್ಮ ಕನ್ನಡದಲ್ಲೂ ಇಲ್ಲ. ಇಂಗ್ಲಿಷಿನವನು ತನ್ನನ್ನು ಕರ್ತೃವಾಗಿಸಿಕೊಂಡು ವಸ್ತುವನ್ನು ಹಿಡಿದಂತೆ ಹೇಳುವುದನ್ನು ಕನ್ನಡಿಗರೂ ಫಿನ್ನರೂ ‘ಇರು’ ಎಂಬ ಧಾತುವಿನಿಂದ, ವಸ್ತು ತಮ್ಮ ಬಳಿ ಇದೆ ಎಂಬ ಹಾಗೆ ಹೇಳುತ್ತಾರೆ. ಆದ್ದರಿಂದ ಇಂಗ್ಲಿಷ್ ವಾಕ್ಯವನ್ನು ಮೊದಲು ಮನೆಯ ಕನ್ನಡಕ್ಕೆ ತಿರುಗಿಸಿಕೊಂಡು, ಅಲ್ಲಿಂದ ಫಿನ್ನಿಶ್‌ಗೆ ಹೋಗಿ. ದಾರಿ ಸುತ್ತಿನದೆಂದು ತೋರಿದರೂ ಬಹಳ ಕಡೆ ಅದೇ ಹತ್ತಿರದ ದಾರಿ.

ಉದಾಹರಣೆಗಳಿಗೆ ಮುಂಚೆ ಲಿಪಿಯ ಬಗ್ಗೆ ಒಂದು ಮಾತು. ಫಿನ್ನಿಶ್‌ನ ತಕಾರ ನಮ್ಮ ದಂತ್ಯ ತಕಾರಕ್ಕೆ ಹತ್ತಿರವಾದದ್ದು. ‘ಔತೊ’ ಎಂದು ಬರೆದದ್ದು ಕಾರು. ಆ ಭಾಷೆಯ ಮೂರು ಸ್ವರಗಳಿಗೆ ನಮ್ಮಲ್ಲಿ ಅಕ್ಷರವಿಲ್ಲವಾದ್ದರಿಂದ ಅವನ್ನು ಯಕಾರ ಸೇರಿಸಿ ಬರೆದಿದ್ದೇನೆ. ಸರಿಯಾದ ಉಚ್ಚಾರವನ್ನು ನೀವು ತರಗತಿಯಲ್ಲಿಯೇ ಕೇಳಿ ಕಲಿಯಬೇಕು.

ಮೊದಲನೆಯದು ಒಡೆತನ. ‘ನನ್ನ ಹತ್ತಿರ ಕಾರಿದೆ’ ಎನ್ನುವುದಕ್ಕೆ ಫಿನ್ನಿಶ್‌ನಲ್ಲಿ ‘ಮಿನುಲ್ಲ ಒನ್ ಔತೊ’. ‘ಒನ್’ ಎಂದರೆ ಇದೆ, ‘ಮಿನುಲ್ಲ’ ಎಂದರೆ ನನ್ನಲ್ಲಿ ಅಥವಾ ನನ್ನ ಮೇಲೆ. ಈ ‘ಲ್ಲ’ ಎಂಬ ಪ್ರತ್ಯಯ ಮೂಲತಃ ಮೇಲ್ಭಾಗದ ಸ್ಥಳವನ್ನು ಸೂಚಿಸುತ್ತದೆ. ಛಾವಣಿಗೆ ‘ಕತ್ತೊ’, ಛಾವಣಿಯ ಮೇಲೆ ಎನ್ನಲು ‘ಕತೊಲ್ಲ’. ಅದೇ ಪ್ರತ್ಯಯ ಸಾಧನವನ್ನೂ ತೋರುತ್ತದೆ: ‘ಬುಸ್ಸಿಲ್ಲ’ ಎಂದರೆ ಬಸ್ಸಿನಲ್ಲಿ, ಬಸ್ಸಿನ ಮೂಲಕ ಪ್ರಯಾಣ ಮಾಡಿ ಎಂದರ್ಥ. ಕನ್ನಡದಲ್ಲಿ ನಾವು ಇಲ್ಲಿ ಸೂಕ್ಷ್ಮ ಭೇದಗಳನ್ನು ಇಟ್ಟುಕೊಂಡಿದ್ದೇವೆ. ಕೈಗೆ ಸಿಗುವ ವಸ್ತುವಾದರೆ ‘ನನ್ನ ಹತ್ತಿರ’, ನಂಟಾದರೆ ‘ನನಗೆ’, ಗುಣವಾದರೆ ‘ಅವನಲ್ಲಿ’. ‘ನನ್ನ ಹತ್ತಿರ ಇಬ್ಬರು ತಮ್ಮಂದಿರಿದ್ದಾರೆ’ ಎಂದು ಯಾರಾದರೂ ಹೇಳಿದರೆ, ತಮ್ಮಂದಿರು ಸದ್ಯ ಅವರ ಮನೆಯಲ್ಲಿ ಉಳಿದುಕೊಂಡಿದ್ದಾರೆ ಎಂದು ತಿಳಿಯುತ್ತೇವೆಯೇ ಹೊರತು ಅವರಿಗೆ ಇಬ್ಬರು ತಮ್ಮಂದಿರು ಎಂದಲ್ಲ. ಫಿನ್ನಿಶ್ ಈ ಮೂರನ್ನೂ ‘ಮಿನುಲ್ಲ’ ಎಂಬ ಒಂದೇ ರೂಪದಲ್ಲಿ ಅಡಗಿಸುತ್ತದೆ, ಆದರೆ ಬೇರೆಡೆ ಒಂದು ಗೆರೆ ಎಳೆಯುತ್ತದೆ. ಮನುಷ್ಯನಿಗಾದರೆ ‘ಲ್ಲ’, ಜಡವಸ್ತುವಿಗಾದರೆ ‘ಒಳಗೆ’ ಎಂಬರ್ಥದ ‘ಸ್ಸ’. ‘ಮನೆಯಲ್ಲಿ ಮೂರು ಕೋಣೆಗಳಿವೆ’ ಎಂಬುದು ‘ತಲೊಸ್ಸ ಒನ್ ಕೊಲ್ಮೆ ಹುವೊನೆತ್ತ’. ಇಂಗ್ಲಿಷ್ ಮಾತ್ರ ಮನೆಯನ್ನೂ ಮನುಷ್ಯನನ್ನು ಕಂಡ ಹಾಗೆಯೇ ಕಂಡು ಎರಡಕ್ಕೂ ‘ಹ್ಯಾವ್’ ಎನ್ನುತ್ತದೆ.

ಎರಡು ಕಡೆ ಕನ್ನಡದ ಅಭ್ಯಾಸ ನಿಮ್ಮನ್ನು ಎಡವಿಸಬಹುದು. ನಮ್ಮಲ್ಲಿ ‘ಕಾರು ಇದೆ, ಮಕ್ಕಳು ಇದ್ದಾರೆ, ಕೋಣೆಗಳು ಇವೆ’ ಎಂದು ಕ್ರಿಯಾಪದ ಬದಲಾಗುತ್ತದೆ. ಫಿನ್ನಿಶ್‌ನ ‘ಒನ್’ ಈ ಜಾಗದಲ್ಲಿ ಅಲುಗುವುದೇ ಇಲ್ಲ: ‘ಮಿನುಲ್ಲ ಒನ್ ಕಕ್ಸಿ ಪೊಯ್ಕಾ’, ನನಗೆ ಇಬ್ಬರು ಗಂಡುಮಕ್ಕಳು. ನಿಷೇಧದಲ್ಲಿ ಇದು ತಿರುಗುಮುರುಗಾಗುತ್ತದೆ. ನಮ್ಮ ‘ಇಲ್ಲ’ ಎಲ್ಲರಿಗೂ ಒಂದೇ. ಅವರ ನಿಷೇಧಪದವೇ ‘ಎನ್, ಎತ್, ಎಯ್’ ಎಂದು ನಾನು, ನೀನು, ಅವನು ಎಂಬುದಕ್ಕೆ ತಕ್ಕಂತೆ ರೂಪ ತಾಳುತ್ತದೆ. ಒಡೆತನದ ವಾಕ್ಯದಲ್ಲಿ ಮಾತ್ರ, ಕರ್ತೃ ‘ನಾನು’ ಅಲ್ಲವಾದ್ದರಿಂದ, ಯಾರ ಬಳಿ ಇಲ್ಲದಿದ್ದರೂ ‘ಎಯ್’ ಎಂದೇ ಬರುತ್ತದೆ. ಅದಲ್ಲದೆ, ಇಲ್ಲದ ವಸ್ತುವಿನ ವಿಭಕ್ತಿಯೂ ಬದಲಾಗುತ್ತದೆ: ‘ಮಿನುಲ್ಲ ಎಯ್ ಒಲೆ ಔತೊಅ’, ನನ್ನ ಹತ್ತಿರ ಕಾರಿಲ್ಲ. ಕೊನೆಯ ‘ಅ’ ಸೇರಿಸಲು ಮರೆಯಬೇಡಿ. ಭಾಗವನ್ನು, ಅಪೂರ್ಣತೆಯನ್ನು, ಇಲ್ಲದಿರುವಿಕೆಯನ್ನು ಸೂಚಿಸುವ ಆ ವಿಭಕ್ತಿ ಫಿನ್ನಿಶ್‌ನ ಹದಿನೈದು ವಿಭಕ್ತಿಗಳಲ್ಲಿ ಕಲಿಯುವವರಿಗೆ ಅತಿ ಹೆಚ್ಚು ಎದುರಾಗುವಂಥದು.

ಮೇಲೆ ಹೇಳಿದ ‘ಲ್ಲ’ ಪ್ರತ್ಯಯದ ಇನ್ನೊಂದು ಬಳಕೆ ನಿಮಗೆ ಬಹಳ ಹತ್ತಿರದ್ದೆನಿಸೀತು. ‘ಮೆಯ್ಲ್ಲ್ಯಾ’ ಎಂದರೆ ‘ನಮ್ಮ ಬಳಿ ಇದೆ’ ಎಂಬುದರ ‘ನಮ್ಮ ಬಳಿ’ ಮಾತ್ರವಲ್ಲ, ‘ನಮ್ಮ ಮನೆಯಲ್ಲಿ’ ಎಂದೂ ಹೌದು, ‘ನಮ್ಮ ಕಡೆಯ ರೂಢಿಯಲ್ಲಿ’ ಎಂದೂ ಹೌದು. ನಾವು ‘ನಮ್ಮಲ್ಲಿ ಹಾಗೆ ಮಾಡುವುದಿಲ್ಲ’ ಎಂದು ಹೇಳುವಾಗ ‘ನಮ್ಮಲ್ಲಿ’ ಯಾವ ಕೆಲಸ ಮಾಡುತ್ತದೆಯೋ ಅದನ್ನೇ ಅಲ್ಲಿ ‘ಮೆಯ್ಲ್ಲ್ಯಾ’ ಮಾಡುತ್ತದೆ. ಮನೆಗೆ ಕರೆಯುವಾಗ ಫಿನ್ನರು ‘ತುಲ್ಕಾ ಮೆಯ್ಲ್ಲೆ’ ಎನ್ನುತ್ತಾರೆ. ಅದರಲ್ಲಿ ಮನೆ ಎಂಬ ಪದವೇ ಇಲ್ಲ. ‘ನಮ್ಮಲ್ಲಿಗೆ ಬನ್ನಿ’ ಎಂದಷ್ಟೇ ಇದೆ.

ಮೈಗೆ ಸಂಬಂಧಿಸಿದ ಸ್ಥಿತಿಗಳಲ್ಲಿ ಇಂಗ್ಲಿಷ್ ಒಂದು ನಿಯಮಕ್ಕೆ ನಿಲ್ಲುವುದಿಲ್ಲ. ಜ್ವರಕ್ಕೆ ‘ಹ್ಯಾವ್’ ಬಳಸುವವರು ಹಸಿವಿಗೆ ‘ಆಮ್’ ಎನ್ನುತ್ತಾರೆ. ಕನ್ನಡದಲ್ಲಿ ಜ್ವರ, ಹಸಿವು, ಬಾಯಾರಿಕೆ, ಚಳಿ, ಅವಸರ ಎಲ್ಲವೂ ‘ನನಗೆ’. ಫಿನ್ನಿಶ್‌ನಲ್ಲೂ ಎಲ್ಲವೂ ‘ಮಿನುಲ್ಲ ಒನ್’: ‘ನ್ಯಾಲ್ಕ್ಯಾ’ ಸೇರಿಸಿದರೆ ಹಸಿವು, ‘ಯನೊ’ ಸೇರಿಸಿದರೆ ಬಾಯಾರಿಕೆ, ‘ಕ್ಯುಲ್ಮ್ಯಾ’ ಸೇರಿಸಿದರೆ ಚಳಿ, ‘ಕೀರೆ’ ಸೇರಿಸಿದರೆ ಅವಸರ, ‘ಕೂಮೆತ್ತ’ ಸೇರಿಸಿದರೆ ಜ್ವರ. ತಲೆನೋವಿಗೆ ಮಾತ್ರ ‘ಪ್ಯಾತ್ಯಾನಿ ಸ್ಯಾರ್ಕೇ’ ಎಂಬ ಮಾತೂ ಉಂಟು. ಅದರಲ್ಲಿ ತಲೆ ಕರ್ತೃವಲ್ಲ. ನೋಯಿಸುವ ಯಾವುದೋ ಒಂದು ತಲೆಯನ್ನು ನೋಯಿಸುತ್ತಿದೆ, ಅದು ಯಾವುದೆಂದು ವಾಕ್ಯ ಹೇಳುವುದಿಲ್ಲ.

ಊಟ ತಿಂಡಿಯ ‘ಹ್ಯಾವ್’ ಸುಲಭ. ಅಲ್ಲಿ ನಿಜವಾಗಿ ನಡೆಯುವ ಕೆಲಸದ ಹೆಸರನ್ನೇ ಹೇಳಬೇಕು. ತಿನ್ನುವುದಕ್ಕೆ ‘ಸ್ಯುಯೊದ್ಯಾ’, ಕುಡಿಯುವುದಕ್ಕೆ ‘ಯುವೊದ’. ಉಪಚಾರದ ಮಾತಿಗೆ ಬಂದರೆ ಎರಡು ಭಾಷೆಗಳೂ ಆಶ್ಚರ್ಯವಾಗುವಷ್ಟು ಹತ್ತಿರವಾಗುತ್ತವೆ. ತಲಾ ಕಾಫಿ ಬಳಕೆಯಲ್ಲಿ ಫಿನ್ನರು ಜಗತ್ತಿನ ಮೊದಲ ಸಾಲಿನಲ್ಲಿರುವ ಜನ, ಆದ್ದರಿಂದ ಈ ಮಾತು ನಿಮ್ಮ ಕಿವಿಗೆ ದಿನವೂ ಬೀಳುತ್ತಿರುತ್ತದೆ. ‘ಒತತ್ಕೊ ಕಹ್ವಿಅ’ ಎಂದರೆ ‘ಕಾಫಿ ತೆಗೆದುಕೊಳ್ಳುತ್ತೀಯಾ’. ‘ಒತ್ತಾ’ ಎಂದರೆ ತೆಗೆದುಕೊಳ್ಳು; ನಾವು ಬಳಸುವ ಕ್ರಿಯಾಪದವೇ. ಏಕವಚನದಲ್ಲಿ ಕೇಳಿದರೆಂದು ನೊಂದುಕೊಳ್ಳಬೇಡಿ, ಇಂದಿನ ಫಿನ್ಲೆಂಡಿನಲ್ಲಿ ಕಚೇರಿಗಳಲ್ಲೂ ‘ನೀನು’ ಎನ್ನುವುದೇ ವಾಡಿಕೆ. ಹೋಟೆಲಿನಲ್ಲಿ ಬಡಿಸುವವರು ‘ಸಾಕೊ ಒಲ್ಲ ಕಹ್ವಿಅ’ ಎಂದೂ ಕೇಳುತ್ತಾರೆ. ಕನ್ನಡದ ಕಿವಿಗೆ ಇದು ‘ಸಾಕೋ, ಒಲ್ಲೆಯೋ’ ಎಂದಂತೆ ಕೇಳಿಸುತ್ತದೆ, ಅರ್ಥ ಮಾತ್ರ ಪೂರಾ ವಿರುದ್ಧ: ‘ಸಾಕೊ’ ಎಂದರೆ ‘ಆಗಬಹುದೇ’, ‘ಒಲ್ಲ’ ಎಂದರೆ ‘ಇರುವುದು’. ನಮ್ಮ ಕಡೆ ಅತಿಥಿಗಳನ್ನು ‘ಕಾಫಿ ಆಗಬಹುದೇ’ ಎಂದು ಕೇಳುವ ಮರ್ಯಾದೆಯೇ ಅದರಲ್ಲೂ ಇದೆ. ‘ಸಾಕೊ’ ಎಂಬುದರ ಕೊನೆಯ ‘ಕೊ’ ಪ್ರಶ್ನಾರ್ಥಕ ಪ್ರತ್ಯಯ. ನಮ್ಮ ‘ಆ’, ‘ಏ’, ‘ಓ’ಗಳ ಹಾಗೆ ಪದಕ್ಕೇ ಅಂಟಿಕೊಳ್ಳುತ್ತದೆ.

ಇನ್ನು ಇಂಗ್ಲಿಷಿನ ವ್ಯಾಕರಣದ ‘ಹ್ಯಾವ್’, ಅಂದರೆ ಮುಗಿದ ಕೆಲಸವನ್ನು ಹೇಳಲು ಭೂತ ಕೃದಂತದ ಜೊತೆ ಬರುವ ಸಹಾಯಕ ಕ್ರಿಯಾಪದ. ಇಲ್ಲಿ ಕನ್ನಡವೂ ಫಿನ್ನಿಶ್ಶೂ ಮತ್ತೆ ‘ಇರು’ ಎಂಬುದನ್ನೇ ಕರೆಯುತ್ತವೆ. ‘ಕೊಂಡು’ ಎಂಬುದಕ್ಕೆ ‘ಇದ್ದೇನೆ’ ಸೇರಿ ‘ಕೊಂಡಿದ್ದೇನೆ’ ಆಗುವ ಹಾಗೆ ಅಲ್ಲಿ ‘ಒಲೆನ್ ಒಸ್ತನುತ್’. ‘ಕೊಂಡಿದ್ದೆ’ ಎನ್ನಲು ‘ಒಲಿನ್ ಒಸ್ತನುತ್’. ‘ಕೊಂಡಿಲ್ಲ’ ಎನ್ನಲು ‘ಎನ್ ಒಲೆ ಒಸ್ತನುತ್’. ಇಂಗ್ಲಿಷಿನವರಿಗೆ ಇದು ಹೊಸ ಲೆಕ್ಕ, ನಿಮಗೆ ಹಳೆಯ ಲೆಕ್ಕ.

ಇದರ ಒಳಗೇ ಒಂದು ಸೊಗಸಾದ ಸಂಗತಿಯಿದೆ. ಫಿನ್ಲೆಂಡಿನ ತುರ್ಕು ನಗರವನ್ನೇ ತೆಗೆದುಕೊಳ್ಳಿ. ‘ಅವನು ತುರ್ಕುವಿಗೆ ಹೋಗಿದ್ದಾನೆ’ ಎಂದರೆ ಇನ್ನೂ ಅಲ್ಲಿಯೇ ಇದ್ದಾನೆ. ‘ಹೋಗಿಬಂದಿದ್ದಾನೆ’ ಎಂದರೆ ಮರಳಿದ್ದಾನೆ. ಇಂಗ್ಲಿಷಿನವರು ಎರಡನೆಯದಕ್ಕೆ ‘ಹ್ಯಾಸ್ ಬೀನ್ ಟು’ ಎಂಬ ವಿಚಿತ್ರ ಜೋಡಣೆ ಮಾಡಿಕೊಂಡಿದ್ದಾರೆ. ಫಿನ್ನಿಶ್‌ನಲ್ಲಿ ‘ಹೋಗಿಬರು’ ಎಂಬುದಕ್ಕೇ ಬೇರೊಂದು ಕ್ರಿಯಾಪದವಿದೆ, ‘ಕ್ಯಾಯ್ದ್ಯಾ’. ‘ಒಲೆನ್ ಕ್ಯಾಯ್ನ್ಯುತ್ ತುರುಸ್ಸ’ ಎಂದರೆ ನಾನು ತುರ್ಕುವಿಗೆ ಹೋಗಿಬಂದಿದ್ದೇನೆ. ಇಲ್ಲಿ ಊರಿನ ಹೆಸರಿಗೆ ‘ಗೆ’ ಎಂಬರ್ಥದ ಪ್ರತ್ಯಯ ಹತ್ತುವುದಿಲ್ಲ, ‘ಅಲ್ಲಿ’ ಎಂಬರ್ಥದ ‘ಸ್ಸ’ ಹತ್ತುತ್ತದೆ; ಹತ್ತುವಾಗ ‘ತುರ್ಕು’ವಿನ ಕಕಾರವೂ ಬಿದ್ದುಹೋಗುತ್ತದೆ. ಅಂಗಡಿಗೆ, ವೈದ್ಯರಲ್ಲಿಗೆ, ಸ್ನೇಹಿತರ ಮನೆಗೆ ಹೋಗಿಬರುವುದೆಲ್ಲ ‘ಕ್ಯಾಯ್ದ್ಯಾ’. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಪಠ್ಯಪುಸ್ತಕಗಳು ಬಹಳ ಶ್ರಮ ಪಡುತ್ತವೆ. ಕನ್ನಡದಲ್ಲಿ ‘ಹೋಗಿಬರು’ ಎಂದರೆ ಮುಗಿಯಿತು.

ಕಡ್ಡಾಯದ ‘ಹ್ಯಾವ್ ಟು’ ನಮ್ಮ ‘ಬೇಕು’. ‘ಮಿನುನ್ ತ್ಯಾಯ್ತ್ಯೂ ಮೆನ್ನ್ಯಾ’ ಎಂದರೆ ನಾನು ಹೋಗಬೇಕು. ನಾನು, ನೀವು, ಅವರು ಯಾರಿದ್ದರೂ ‘ಬೇಕು’ ಬದಲಾಗದಂತೆ ‘ತ್ಯಾಯ್ತ್ಯೂ’ ಕೂಡ ಬದಲಾಗುವುದಿಲ್ಲ. ಆದರೆ ‘ಮಿನುನ್’ ಎಂದರೆ ‘ನನ್ನ’. ಅಕ್ಷರಶಃ ‘ನನ್ನ ಹೋಗಬೇಕು’ ಎಂದಂತೆ. ಷಷ್ಠಿಯನ್ನು ಬಿಟ್ಟು ಪ್ರಥಮಾ ವಿಭಕ್ತಿ ಹಾಕುವುದು ನಮ್ಮವರು ಇಲ್ಲಿ ಮಾಡಬಹುದಾದ ತಪ್ಪು. ‘ತ್ಯಾಯ್ತ್ಯೂ’ ಬದಲು ‘ಪಿತ್ಯಾ’ ಎಂದೂ ಹೇಳುತ್ತಾರೆ. ಬೇರೆ ದಾರಿಯೇ ಇಲ್ಲ ಎನ್ನುವಾಗ ‘ಮಿನುನ್ ಒನ್ ಪಕ್ಕೊ’ ಎನ್ನುತ್ತಾರೆ. ‘ಪಿತ್ಯಾ’ ಎಂಬುದಕ್ಕೆ ಹಿಡಿದುಕೊಳ್ಳು, ಸಭೆ ನಡೆಸು, ಇಷ್ಟಪಡು ಎಂಬ ಅರ್ಥಗಳೂ ಉಂಟು: ‘ಪಿದ್ಯಾನ್ ಕಹ್ವಿಸ್ತ’ ಎಂದರೆ ನನಗೆ ಕಾಫಿ ಇಷ್ಟ. ಬಯಕೆಯೂ ಕಡ್ಡಾಯವೂ ಒಂದೇ ‘ಬೇಕು’ವಿನಲ್ಲಿ ಸೇರಿಕೊಂಡಿರುವ ಭಾಷೆಯವರಿಗೆ ಇದು ವಿಚಿತ್ರವೆನಿಸಬಾರದು. ಹೋಗಬೇಕಾಗಿಲ್ಲ ಎನ್ನುವಾಗ ಪದವೇ ಬದಲಾಗಿ ‘ಮಿನುನ್ ಎಯ್ ತರ್ವಿತ್ಸೆ ಮೆನ್ನ್ಯಾ’ ಆಗುತ್ತದೆ. ಹೋಗಬಾರದು, ಅನುಮತಿಯಿಲ್ಲ ಎನ್ನುವುದಕ್ಕೆ ಬರುವ ‘ಎಯ್ ಸಾ’ ಬೇರೆ. ಇವೆರಡನ್ನು ಅದಲುಬದಲು ಮಾಡಿದರೆ ಅನುಮತಿ ನಿಷೇಧವಾಗುತ್ತದೆ.

ಕೊನೆಗೆ, ಕೆಲಸವನ್ನು ಬೇರೆಯವರಿಂದ ಮಾಡಿಸುವ ‘ಹ್ಯಾವ್’. ಈ ಜಾಗದಲ್ಲಿ ಕನ್ನಡಿಗರಿಗೆ ಇರುವ ಅನುಕೂಲ ಇಂಗ್ಲಿಷಿನವರಿಗೆ ಖಂಡಿತ ಇಲ್ಲ. ನಮಗೆ ‘ಮಾಡು’ ಎಂಬುದಕ್ಕೆ ‘ಇಸು’ ಹಚ್ಚಿದರೆ ‘ಮಾಡಿಸು’. ಅವರಿಗೆ ‘ತೆಹ್ದ್ಯಾ’ ಎಂದರೆ ಮಾಡು, ‘ತೇತ್ತ್ಯಾ’ ಎಂದರೆ ಮಾಡಿಸು. ‘ರಕೆನ್ತಾ’ ಕಟ್ಟು, ‘ರಕೆನ್ನುತ್ತಾ’ ಕಟ್ಟಿಸು. ‘ಸ್ಯುಯೊದ್ಯಾ’ ತಿನ್ನು, ‘ಸ್ಯುಯೊತ್ತ್ಯಾ’ ತಿನ್ನಿಸು. ‘ಯುವೊದ’ ಕುಡಿ, ‘ಯುವೊತ್ತಾ’ ಕುಡಿಸು. ‘ನೌರಾ’ ನಗು, ‘ನೌರತ್ತಾ’ ನಗಿಸು. ಕೂದಲು ಕತ್ತರಿಸಿಕೊಂಡೆ ಎನ್ನುವಾಗಲೂ ಸ್ವತಃ ಕತ್ತರಿಸುವುದಕ್ಕೆ ‘ಲೆಯ್ಕತ’ ಎಂದು, ಕ್ಷೌರದಂಗಡಿಯಲ್ಲಿ ಮಾಡಿಸಿಕೊಳ್ಳುವುದಕ್ಕೆ ‘ಲೆಯ್ಕ್ಕೌತ್ತಾ’ ಎಂದು ಹೇಳಬೇಕು. ಯಾರಿಂದ ಮಾಡಿಸಿದಿರಿ ಎಂಬುದಕ್ಕೆ ಮತ್ತೆ ಅದೇ ‘ಲ್ಲ’ ಪ್ರತ್ಯಯ: ‘ಕೊರ್ಯೌತಿನ್ ಔತೊನ್ ನಾಪುರಿಲ್ಲ’. ಪಕ್ಕದ ಮನೆಯವರ ಕೈಯಲ್ಲಿ ಕಾರು ರಿಪೇರಿ ಮಾಡಿಸಿದೆ. ನಾವೂ ‘ಕೈಯಲ್ಲಿ’ ಎಂದು ಸಪ್ತಮಿಯನ್ನೇ ಬಳಸುತ್ತೇವೆ ಎಂಬುದನ್ನು ಗಮನಿಸಿ.

ಮಗು ಹುಟ್ಟುವುದು, ಶುಭ ಹಾರೈಸುವುದು ಮುಂತಾದ ಬಿಡಿ ಬಳಕೆಗಳು ಉಳಿದವು. ‘ಅವರಿಗೆ ಗಂಡುಮಗು ಹುಟ್ಟಿತು’ ಎಂಬುದು ‘ಹೆಯ್ಲ್ಲೆ ಸ್ಯುನ್ತ್ಯುಯ್ ಪೊಯ್ಕ’. ಪದಕ್ಕೆ ಪದ ಸರಿಹೊಂದುತ್ತದೆ. ಪ್ರಯಾಣಕ್ಕೆ ಹೊರಟವರಿಗೆ ‘ಹೌಸ್ಕಾ ಮತ್ಕಾ’ ಎಂದರೆ ಸಾಕು, ಅಲ್ಲಿ ಕ್ರಿಯಾಪದವೇ ಬೇಡ.

ಪ್ರಶ್ನೆ: ಕನ್ನಡಕ್ಕೂ ಫಿನ್ನಿಶ್‌ಗೂ ಒಂದೇ ಮೂಲ ಎಂದು ಭಾಷಣವೊಂದರಲ್ಲಿ ಕೇಳಿದೆ. ಇದು ನಿಜವೇ? (ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಮೇಲಿನ ಉತ್ತರ ಓದಿದವರಿಗೆ ಹಾಗೆನಿಸುವುದು ಸಹಜ, ಆದರೆ ಅದನ್ನು ಯಾರೂ ಸಾಧಿಸಿ ತೋರಿಸಿಲ್ಲ. ಈ ಊಹೆಗೆ ಹಳೆಯ ಚರಿತ್ರೆಯಿದೆ. ತಿರುನೆಲ್ವೇಲಿ ಸೀಮೆಯಲ್ಲಿದ್ದ ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದಾಗ, ದ್ರಾವಿಡ ಭಾಷೆಗಳಿಗೆ ಫಿನ್ನಿಶ್ ಮುಂತಾದ, ಅವರು ‘ಸಿಥಿಯನ್’ ಎಂದು ಕರೆದ ಭಾಷೆಗಳ ಜೊತೆ ನಂಟಿದೆಯೆಂದು ವಾದಿಸಿದ್ದರು. ಅವರ ಗ್ರಂಥದ ಮುಖ್ಯ ಸಾಧನೆ, ಅಂದರೆ ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ ಎಂಬುದರ ನಿರೂಪಣೆ, ಇಂದಿಗೂ ನಿಂತಿದೆ. ಸಿಥಿಯನ್ ನಂಟಿನ ಮಾತು ವಿದ್ವಾಂಸರ ಒಪ್ಪಿಗೆ ಪಡೆಯಲಿಲ್ಲ.

ವಾಕ್ಯ ಕಟ್ಟುವ ರೀತಿ ಹೋಲುತ್ತದೆ ಎಂಬುದು ನಂಟಿಗೆ ಸಾಕ್ಷಿಯಾಗದು. ರಷ್ಯನ್ ಭಾಷೆಯೂ ‘ನನ್ನ ಬಳಿ ಇದೆ’ ಎಂದೇ ಹೇಳುತ್ತದೆ, ಹಿಂದಿಯೂ ಹಾಗೆಯೇ ಹೇಳುತ್ತದೆ. ಅವೆರಡೂ ಇಂಗ್ಲಿಷಿನ ನೆಂಟರು. ನಂಟನ್ನು ಸಾಧಿಸಬೇಕಾದರೆ ಧ್ವನಿಗಳ ನಡುವೆ ನಿಯಮಬದ್ಧ ಸಂಬಂಧ ತೋರಿಸಬೇಕು. ಫಿನ್ನಿಶ್‌ನ ‘ಕಲ’ ಎಂಬ ಮೀನು ಹಂಗೇರಿಯನ್ನಿನಲ್ಲಿ ‘ಹಲ್’, ಫಿನ್ನಿಶ್‌ನ ಮೂರು ‘ಕೊಲ್ಮೆ’ ಅಲ್ಲಿ ‘ಹಾರೊಮ್’. ಕಕಾರ ಹಕಾರವಾಗುವುದು ಒಂದೇ ಪದದಲ್ಲಿ ಅಲ್ಲ, ಸಾಲುಸಾಲಾಗಿ. ನಮ್ಮಲ್ಲಿ ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’, ‘ಪುಲಿ’ ‘ಹುಲಿ’ ಆಗಿ, ತಮಿಳಿನಲ್ಲಿ ಪಕಾರ ಹಾಗೆಯೇ ಉಳಿದಿರುವುದು ಇಂಥದೇ ನಿಯಮ. ಹಂಗೇರಿಯ ಯಾನೊಶ್ ಶಯ್ನೊವಿಚ್ 1770ರಲ್ಲಿಯೇ ತಮ್ಮ ಭಾಷೆಗೂ ಯುರೋಪಿನ ಉತ್ತರ ತುದಿಯ ಸಾಮಿ ಜನರ ಭಾಷೆಗೂ ಇರುವ ನಂಟನ್ನು ತೋರಿಸಿದರು. ಫಿನ್ನಿಶ್, ಎಸ್ಟೋನಿಯನ್, ಸಾಮಿ, ಹಂಗೇರಿಯನ್ ಇವೆಲ್ಲ ಯುರಾಲಿಕ್ ಎಂಬ ಒಂದು ಕುಟುಂಬ. ಕನ್ನಡ ಮತ್ತು ಫಿನ್ನಿಶ್ ನಡುವೆ ಅಂಥ ಸಾಲು ಸಿಕ್ಕಿಲ್ಲ. ಫಿನ್ಲೆಂಡಿಗೂ ದ್ರಾವಿಡ ಅಧ್ಯಯನಕ್ಕೂ ಗಟ್ಟಿಯಾದ ಸಂಬಂಧ ಬೇರೆ ರೀತಿಯಲ್ಲಿದೆ: ಹೆಲ್ಸಿಂಕಿ ವಿಶ್ವವಿದ್ಯಾಲಯದ ಆಸ್ಕೊ ಪರ್ಪೊಲಾ ಅವರು ಸಿಂಧೂ ಮುದ್ರೆಗಳ ಭಾಷೆ ದ್ರಾವಿಡವಾಗಿರಬಹುದೆಂಬ ವಾದವನ್ನು ದಶಕಗಳ ಕಾಲ ಶ್ರಮಿಸಿ ಬೆಳೆಸಿದ್ದಾರೆ.

ಪ್ರಶ್ನೆ: ಇಂಗ್ಲಿಷಿನ ‘ಹ್ಯಾವ್’ ಲ್ಯಾಟಿನ್ನಿನ ‘ಹಬೇರೆ’ಯಿಂದ ಬಂದುದಲ್ಲವೇ? ಅರ್ಥವೂ ಒಂದೇ, ಧ್ವನಿಯೂ ಹತ್ತಿರ. (ನಿವೃತ್ತ ಅಧ್ಯಾಪಕರು, ಮೈಸೂರು)

ಉತ್ತರ: ಅಲ್ಲ. ಅದು ಕಾಕತಾಳೀಯ. ಲ್ಯಾಟಿನ್ನಿಗೂ ಇಂಗ್ಲಿಷಿಗೂ ತಾಯಿಯಾದ ಮೂಲಭಾಷೆಯ ಕಕಾರ, ಇಂಗ್ಲಿಷ್ ಸೇರಿದ ಜರ್ಮ್ಯಾನಿಕ್ ಭಾಷೆಗಳಲ್ಲಿ ಹಕಾರವಾಗಿದೆ. ಆದ್ದರಿಂದ ‘ಹ್ಯಾವ್’ ಎಂಬುದರ ಲ್ಯಾಟಿನ್ ದಾಯಾದಿ ‘ಹಿಡಿ’ ಎಂಬರ್ಥದ ‘ಕಪೆರೆ’. ಇಂಗ್ಲಿಷಿನವರು ತಮ್ಮಲ್ಲಿರುವುದನ್ನು ಹಿಡಿದುಕೊಂಡಂತೆ ಹೇಳುತ್ತಾರೆ ಎಂದು ಮೇಲೆ ಬರೆದದ್ದಕ್ಕೆ ಇದೂ ಒಂದು ಆಧಾರ. ಹಿಡಿಯುವ ಪದ ನಿಧಾನವಾಗಿ ಇಟ್ಟುಕೊಳ್ಳುವ ಪದವಾಯಿತು, ಆಮೇಲೆ ಬರಿಯ ವ್ಯಾಕರಣದ ಸಹಾಯಕವಾಯಿತು.

ಪ್ರಶ್ನೆ: ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ನನ್ನದು. ‘ಅವರು ಮೂವರು ಮಕ್ಕಳನ್ನು ಹೊಂದಿದ್ದಾರೆ’ ಎಂಬಂಥ ವಾಕ್ಯಗಳು ದಿನವೂ ಬರುತ್ತವೆ. ತಿದ್ದಿದರೆ ಬರೆದವರು ಒಪ್ಪುವುದಿಲ್ಲ. ‘ಹೊಂದು’ ತಪ್ಪೇ? (ಹುಬ್ಬಳ್ಳಿ)

ಉತ್ತರ: ಪದ ತಪ್ಪಲ್ಲ, ಅದನ್ನು ದುಡಿಸಿಕೊಳ್ಳುವ ಜಾಗ ತಪ್ಪು. ‘ಹೊಂದು’ ಎಂದರೆ ಕೂಡು, ಒಪ್ಪು, ಪಡೆ. ಹೊಂದಿಕೆ, ಹೊಂದಾಣಿಕೆ, ನಿವೃತ್ತಿ ಹೊಂದುವುದು, ಗುಣ ಹೊಂದುವುದು, ಇವೆಲ್ಲ ಸರಿ. ‘ಪರವಾನಗಿ ಹೊಂದಿರುವ ವ್ಯಾಪಾರಿಗಳು’ ಎಂಬಂಥ ಕಾನೂನಿನ ಮಾತೂ ನಿಲ್ಲಲಿ, ಅಲ್ಲಿ ಪಡೆದದ್ದು ನಿಜವಾದ ಪರವಾನಗಿ. ಆದರೆ ಇಂಗ್ಲಿಷಿನ ‘ಹ್ಯಾಸ್’ ಕಂಡಲ್ಲೆಲ್ಲ ‘ಹೊಂದಿದೆ’ ಎಂದು ಬರೆಯುವುದು ಅನುವಾದದ ಆತುರದಲ್ಲಿ ಹತ್ತಿದ ಚಾಳಿ, ಮತ್ತು ಅದು ನಮ್ಮ ವಾಕ್ಯದ ಬೆನ್ನುಮೂಳೆಯನ್ನೇ ತಿರುಚುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಯಲ್ಲಿ ಯಾರೂ ‘ನಾನು ಜ್ವರವನ್ನು ಹೊಂದಿದ್ದೇನೆ’ ಎನ್ನುವುದಿಲ್ಲ.

ಫಿನ್ನಿಶ್‌ನಲ್ಲೂ ‘ಒಮಿಸ್ತಾ’ ಎಂಬ ಪದವಿದೆ. ಅದಕ್ಕೆ ಒಡೆತನ ಇರು ಎಂದರ್ಥ. ‘ಒಮಿಸ್ತನ್ ತಲೊನ್’ ಎಂದರೆ ಮನೆ ನನ್ನ ಸ್ವಂತದ್ದು. ಮನೆಗೆ, ಜಮೀನಿಗೆ, ಷೇರುಗಳಿಗೆ ಅದು ಒಪ್ಪುತ್ತದೆ. ಮಕ್ಕಳಿಗೆ, ಜ್ವರಕ್ಕೆ, ಸಮಯಕ್ಕೆ ಅದನ್ನು ಬಳಸಿದರೆ ಕಲಿಯುವವರ ತಪ್ಪೆಂದು ಕೂಡಲೇ ತಿದ್ದುತ್ತಾರೆ. ನೀವೂ ತಿದ್ದುತ್ತಿರಿ. ತಿದ್ದುವಾಗ ಕ್ರಿಯಾಪದವನ್ನು ಮಾತ್ರ ಬದಲಿಸಿದರೆ ಸಾಲದು, ವಾಕ್ಯದ ಮೊದಲ ಪದದ ವಿಭಕ್ತಿಯನ್ನೇ ಬದಲಿಸಬೇಕಾಗುತ್ತದೆ. ಬರೆದವರಿಗೆ ಅದನ್ನು ತೋರಿಸಿದರೆ ಒಪ್ಪುವ ಸಂಭವ ಹೆಚ್ಚು. ‘ಅವರು ಮೂವರು ಮಕ್ಕಳನ್ನು ಹೊಂದಿದ್ದಾರೆ’ ಎಂಬುದು ‘ಅವರಿಗೆ ಮೂವರು ಮಕ್ಕಳು’ ಎಂದಾಗಲಿ. ‘ಆಸ್ಪತ್ರೆಯು ನೂರು ಹಾಸಿಗೆಗಳನ್ನು ಹೊಂದಿದೆ’ ಎಂಬುದು ‘ಆಸ್ಪತ್ರೆಯಲ್ಲಿ ನೂರು ಹಾಸಿಗೆಗಳಿವೆ’ ಎಂದಾಗಲಿ. ‘ಸಚಿವರು ಈ ಕುರಿತು ಮಾಹಿತಿ ಹೊಂದಿಲ್ಲ’ ಎಂಬುದು ‘ಸಚಿವರಿಗೆ ಇದು ಗೊತ್ತಿಲ್ಲ’ ಎಂದಾಗಲಿ.